ಕಂಬಳಿ ಮೇಲೆ ಇಟ್ಟ ಮಾತು

ಮೊನ್ನೆ ಮೊನ್ನೆಯವರೆಗೆ ನನ್ನ ಸೋದರಮಾವ ತಮ್ಮ ಎಪ್ಪತ್ತು ವರ್ಷದ ಬದುಕಿನಲ್ಲಿ ಅಭಿಪ್ರಾಯ ಬದಲಾಯಿಸಿದ್ದು ಮೂರೇ ಮೂರು ಸಲ. ಮೂರಕ್ಕೂ ಸಾಕ್ಷಿಗಳಿದ್ದಾರೆ! ನಂಬಿಕೆ ಬಾರದಿದ್ದರೆ ಹಿರಿಯೂರಿನಲ್ಲಿ ಯಲ್ಲದಕೆರೆ ಬಸ್ಸು ಹತ್ತಿ, ಅಲ್ಲಿಂದ ಸ್ವಲ್ಪ ಆಚೆಗಿರುವ ನಮ್ಮಮ್ಮನ ತವರೂರಿಗೆ ಹೋಗಿ ಯಾರನ್ನಾದರೂ ಕೇಳಿ. ಯಾವ ವರ್ಷ ಅನ್ನುವುದು ಅವರಿಗೆ ಮರೆತಿರಬಹುದು, ಅವತ್ತು ಮಧ್ಯಾಹ್ನ ಏನು ಸಾರು ಮಾಡಿದ್ದರು ಅನ್ನುವುದು ಮರೆತಿರುವುದಿಲ್ಲ. ಯಾಕೆಂದರೆ ಅಭಿಪ್ರಾಯ ಬದಲಾದ ದಿನ ಮಾವ ಸಾಕ್ಷಿಗಳಿಗೆಲ್ಲ ಊಟ ಹಾಕುತ್ತಾರೆ.

ನಾನು ಹೊಳಲ್ಕೆರೆಯ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳಿಕೊಡುತ್ತೇನೆ. ‘ರಾಜಕೀಯ ಪಕ್ಷಗಳು ತಮ್ಮ ನಿಲುವನ್ನು ಏಕೆ ಬದಲಾಯಿಸುತ್ತವೆ?’ ಅನ್ನುವುದು ನಮ್ಮಲ್ಲಿ ಹತ್ತು ಅಂಕದ ಪ್ರಶ್ನೆ. ಚುನಾವಣೆ ಸೋತದ್ದು, ಹೊಸ ನಾಯಕ ಬಂದದ್ದು, ಮತದಾರರ ಮನಸ್ಸು ತಿರುಗಿದ್ದು, ಎದುರು ಪಕ್ಷ ಜಾಗ ಬದಲಿಸಿದ್ದು, ಮೈತ್ರಿಯ ಅನಿವಾರ್ಯತೆ, ಹೀಗೆ ಐದು ಕಾರಣ ಬರೆದವರಿಗೆ ಪೂರ್ತಿ ಅಂಕ. ಒಮ್ಮೆ ಊರಿಗೆ ಹೋಗಿದ್ದಾಗ ಈ ಐದನ್ನೂ ಮಾವನ ಮುಂದೆ ಒಪ್ಪಿಸಿದೆ. ಅವರು ಎಲೆಗೆ ಸುಣ್ಣ ಸವರುತ್ತ ಪೂರ್ತಿ ಕೇಳಿಸಿಕೊಂಡರು.

"ಇವೆಲ್ಲ ಯಾವಾಗ ಬದಲಾಯಿಸ್ತಾರೆ ಅನ್ನೋದಾತು ಕಣವ್ವ. ಯಾಕೆ ಅನ್ನೋದು ಎಲ್ಲೈತೆ?" ಅಂದರು.

ಆರು ವರ್ಷದಿಂದ ಅದೇ ಪಾಠ ಮಾಡಿಕೊಂಡು ಬಂದ ನಾನು, ಹಾಗಾದರೆ ನೀವೇ ಹೇಳಿ ಅಂದೆ. ಮಾವನ ಪ್ರಕಾರ ಮನುಷ್ಯ ಮಾತು ಬದಲಾಯಿಸುವುದಕ್ಕೆ ಮರ್ಯಾದಸ್ತ ಕಾರಣಗಳು ಇರುವುದೇ ಎರಡು. ಒಂದು, ‘ನಾನು ತಪ್ಪಿದ್ದೆ.’ ಇನ್ನೊಂದು, ‘ಕಾಲ ಬದಲಾತು.’ ಮೂರನೆಯದು ಇಲ್ಲ.

ಇದರ ಹಿಂದೆ ಒಂದು ಕಂಬಳಿಯ ಕಥೆಯಿದೆ. ನಮ್ಮಮ್ಮನದು ತಲೆತಲಾಂತರದಿಂದ ಕುರಿ ಸಾಕಿಕೊಂಡು ಬಂದ ಮನೆ. ಆ ಮನೆಯ ನಡುಮನೆಯ ಗೂಟಕ್ಕೆ ಒಂದು ಕರಿ ಕಂಬಳಿ ನೇತಾಡುತ್ತಿರುತ್ತದೆ. ಅದು ಹೊದೆಯುವುದಕ್ಕಲ್ಲ. ನಮ್ಮಜ್ಜನ ಕಾಲದಿಂದ ಅದನ್ನು ಹಾಸಿ, ಅದರ ಮೇಲೆ ಕೂತು ಆಡಿದ ಮಾತಿಗೆ ‘ಇಟ್ಟ ಮಾತು’ ಅನ್ನುತ್ತಾರೆ. ಕಂಬಳಿ ಮೇಲೆ ಸುಳ್ಳಾಡುವ ಹಾಗಿಲ್ಲ. ಇಟ್ಟ ಮಾತನ್ನು ಮುರಿಯುವ ಹಾಗೂ ಇಲ್ಲ. ಆದರೆ ಬೇಕಾದರೆ ಎತ್ತಿಕೊಳ್ಳಬಹುದು! ಅದಕ್ಕೂ ಕ್ರಮವಿದೆ: ಅದೇ ಕಂಬಳಿ ಹಾಸಬೇಕು, ಯಾರ ವಿಷಯಕ್ಕೆ ಮಾತು ಇಟ್ಟಿದ್ದೋ ಅವರ ಎದುರಿಗೇ ಕೂರಬೇಕು, ಎರಡು ಕಾರಣದಲ್ಲಿ ಒಂದನ್ನು ಬಾಯಿಬಿಟ್ಟು ಹೇಳಬೇಕು. ಕಂಬಳಿಯ ಒಂದು ಮೂಲೆಯನ್ನು ಇಲಿ ಕಡಿದಿದೆ. ನಮ್ಮಮ್ಮ ಹತ್ತು ವರ್ಷದವಳಿದ್ದಾಗ ಅದನ್ನು ಕೆಂಪು ದಾರದಲ್ಲಿ ಹೊಲಿದಳಂತೆ. ಕಪ್ಪು ದಾರ ಸಿಗಲಿಲ್ಲವೋ, ಸೊಗಸು ಮಾಡಲು ಹೋದಳೋ ಗೊತ್ತಿಲ್ಲ.

ಮಾವ ಎತ್ತಿಕೊಂಡ ಮೊದಲ ಮಾತು ಕುಕ್ಕರಿನದು. ಅತ್ತೆ ಕುಕ್ಕರ್ ತಂದ ದಿನ, "ಸೀಟಿ ಹೊಡೆಯೋ ಪಾತ್ರೆ ಅನ್ನ ನಾನುಣ್ಣಲ್ಲ" ಎಂದು ಕಂಬಳಿ ಮೇಲೆ ಕೂತು ಘೋಷಿಸಿದ್ದರು. ಅತ್ತೆ ಆಗಲಿ ಅಂದರು. ಕುಕ್ಕರನ್ನು ಹಿತ್ತಲ ಕೊಟ್ಟಿಗೆಗೆ ಸಾಗಿಸಿ, ಮಾವ ಕುರಿ ಹೊಡೆದುಕೊಂಡು ಹೋದ ಮೇಲೆ ಸೀಟಿ ಹೊಡೆಸಿ, ಅನ್ನವನ್ನು ಮಣ್ಣಿನ ಮಡಕೆಗೆ ಸುರಿದು ಎಂಟು ತಿಂಗಳು ಬಡಿಸಿದರು. ಮಾವ ಎಂಟು ತಿಂಗಳೂ ಮಡಕೆ ಅನ್ನದ ರುಚಿಯನ್ನು ಊರೆಲ್ಲ ಹೊಗಳಿದರು. ಒಂದು ದಿನ ಕುರಿಯೊಂದು ಕುಂಟಿತೆಂದು ಬೇಗ ಮನೆಗೆ ಬಂದವರಿಗೆ ಕೊಟ್ಟಿಗೆಯಲ್ಲಿ ಸೀಟಿ ಕೇಳಿಸಿತು. ಬೇರೆಯವರಾಗಿದ್ದರೆ ಕೂಗಾಡುತ್ತಿದ್ದರು. ಮಾವ ಸೀದಾ ಹೋಗಿ ಕಂಬಳಿ ಹಾಸಿ, ನಾಲ್ಕು ಜನರನ್ನು ಕರೆಸಿ, "ನಾನು ತಪ್ಪಿದ್ದೆ. ಅನ್ನ ಚೆನ್ನಾಗೈತೆ. ಸೀಟಿ ಮಾತ್ರ ಸರಿಯಿಲ್ಲ, ಆ ಮಾತು ಅಲ್ಲೇ ಇರ್ಲಿ" ಅಂದರು.

ಎರಡನೆಯದು ಮೊಬೈಲಿನದು. ಮುಖ ಕಾಣದವರ ಜೊತೆ ಮಾತಾಡುವುದಿಲ್ಲ ಅನ್ನುವುದು ಅವರ ನಿಲುವಾಗಿತ್ತು. ವಿಡಿಯೋ ಕಾಲ್ ಬಂದ ವರ್ಷ ಕಂಬಳಿ ಹಾಸಿ, "ಕಾಲ ಬದಲಾತು, ಈಗ ಮುಖ ಕಾಣ್ತೈತೆ" ಎಂದು ಎತ್ತಿಕೊಂಡರು. ಅಂದಿನಿಂದ ನಮಗೆ ಅವರ ಕಿವಿ, ಕಿವಿಯ ಹಿಂದಿನ ಬೇವಿನ ಮರ, ಒಮ್ಮೊಮ್ಮೆ ಬರಿಯ ಆಕಾಶ ಕಾಣುತ್ತದೆ. ಮುಖ ಇನ್ನೂ ಕಂಡಿಲ್ಲ.

ಈಗ ಅವರು ಎತ್ತಿಕೊಳ್ಳದೆ ಬಿಟ್ಟ ಮಾತು. ನಮ್ಮಮ್ಮ ಮೂವತ್ನಾಲ್ಕು ವರ್ಷದ ಹಿಂದೆ ತಾನೇ ಮೆಚ್ಚಿ, ಬೇರೆ ಜಾತಿಯ ಮೇಷ್ಟ್ರನ್ನು ಮದುವೆಯಾದಳು. ಅವತ್ತು ಮಾವ ಅದೇ ಕಂಬಳಿ ಮೇಲೆ ಕೂತು, "ನಿನ್ನ ಮನೆ ಹೊಸಿಲು ತುಳಿಯಲ್ಲ" ಅಂದುಬಿಟ್ಟರು. ಗಮನಿಸಿ, ಹೊಸಿಲಿನ ಮಾತು ಮಾತ್ರ! ಅಮ್ಮ ತವರಿಗೆ ಹೋಗಬಹುದು, ಮಾವ ಅವಳಿಗೆ ಸೀರೆ ಕೊಡಬಹುದು, ನಮ್ಮಪ್ಪನನ್ನು ‘ಏನ್ ಭಾವಾ’ ಎಂದು ತೋಳು ಹಿಡಿದು ಕೂರಿಸಬಹುದು. ಆದರೆ ನಾವಿರುವ ದುರ್ಗಕ್ಕೆ ಬಂದರೆ ನಮ್ಮ ಮನೆಯೊಳಗೆ ಕಾಲಿಡುವುದಿಲ್ಲ. ಮಾವನ ಮಾತಿಗೆ ಕಟ್ಟುಬಿದ್ದು ಆ ಕಡೆಯ ಹತ್ತಾರು ಮನೆಯವರೂ ಕಾಲಿಡಲಿಲ್ಲ. ನಮ್ಮ ಗೃಹಪ್ರವೇಶಕ್ಕೆ ಅಮ್ಮನ ಕಡೆಯಿಂದ ಬಂದದ್ದು ಒಂದು ಕುಂಬಳಕಾಯಿ ಮಾತ್ರ, ಅದೂ ಬಸ್ ಕಂಡಕ್ಟರ್ ಕೈಯಲ್ಲಿ. ಅಮ್ಮ ಅವತ್ತು ಅದನ್ನು ಒಡೆಯಲು ಬಿಡಲಿಲ್ಲ, ದೇವರ ಮುಂದೆ ಇಟ್ಟುಕೊಂಡಿದ್ದಳು.

ಹಾಗೆಂದು ಮಾವ ನಮ್ಮ ಬೀದಿಗೆ ಬರುವುದನ್ನು ಬಿಟ್ಟವರಲ್ಲ. ತಿಂಗಳಿಗೊಮ್ಮೆ ದುರ್ಗದಲ್ಲಿ ಏನೋ ಕೆಲಸ ಹುಟ್ಟುತ್ತದೆ. ನಮ್ಮ ಗೇಟಿನ ಮುಂದೆ ನಿಂತು ಕೆಮ್ಮುತ್ತಾರೆ, ಆಮೇಲೆ ಪಕ್ಕದ ಮನೆಗೆ ಹೋಗಿ ಕೂರುತ್ತಾರೆ. ಕೆಮ್ಮು ಕೇಳಿದ ಕೂಡಲೇ ಅಮ್ಮ ಒಲೆ ಹಚ್ಚುತ್ತಾಳೆ. ಅವಳು ಮಾಡಿದ ಮುದ್ದೆ, ಹುರುಳಿಕಾಳಿನ ಬಸ್ಸಾರು ಹಿತ್ತಲ ಗೋಡೆ ಮೇಲಿಂದ ಪಕ್ಕದ ಮನೆಗೆ ಹೋಗುತ್ತದೆ. ಪಕ್ಕದ ಮನೆ ಆಂಟಿ ತನ್ನದೇ ಅಡುಗೆ ಎಂಬ ಮುಖ ಮಾಡಿಕೊಂಡು ಬಡಿಸುತ್ತಾರೆ. ಮಾವ ಉಂಡು, "ನಿಮ್ಮನೆ ಸಾರು ನಮ್ಮ ತಂಗಿ ಕೈ ಸಾರು ಇದ್ದಂಗೇ ಐತವ್ವ" ಅನ್ನುತ್ತಾರೆ. ಗೋಡೆಯ ಈಚೆ ಅಮ್ಮ ಕಿವಿಯಾನಿಸಿ ನಿಂತಿರುತ್ತಾಳೆ. ಆಂಟಿಗೆ ಹುರುಳಿಕಾಳು ಬೇಯಿಸುವುದೂ ಬಾರದು!

ಮಾವ ಯಾಕೆ ಮಾತು ಎತ್ತಿಕೊಳ್ಳಬಾರದು ಅಂತ ನಾನು ಅತ್ತೆಯನ್ನು ಕೇಳಿದ್ದೆ. ಕಾಲ ಬದಲಾಯಿತು ಅನ್ನೋಣವೆಂದರೆ ಬದಲಾಗಿರುವುದೇನು, ತಂಗಿ ಅವಳೇ, ಭಾವ ಅವನೇ. ಉಳಿದದ್ದು ಇನ್ನೊಂದು ಕಾರಣ. ಅದು ಮಾವನ ಗಂಟಲಲ್ಲಿ ಮೂವತ್ನಾಲ್ಕು ವರ್ಷದಿಂದ ಸಿಕ್ಕಿಕೊಂಡಿದೆ ಅಂದರು ಅತ್ತೆ.

ಇಂಥ ಮನುಷ್ಯನ ಮನೆಗೆ ಪಾಪ, ರಾಜಕೀಯ ಪಕ್ಷಗಳು ಓಟು ಕೇಳಲು ಬರುತ್ತವೆ. ಮಾವ ಪಕ್ಷಗಳನ್ನು ಅವುಗಳ ಹೆಸರಿನಿಂದ ಕರೆಯುವುದಿಲ್ಲ. ಜೀಪು ಯಾವ ರಸ್ತೆಯಿಂದ ಊರಿಗೆ ನುಗ್ಗುತ್ತದೋ ಅದೇ ಹೆಸರು: ಹಿರಿಯೂರು ರಸ್ತೆ ಪಕ್ಷ, ಹೊಸದುರ್ಗ ರಸ್ತೆ ಪಕ್ಷ. ಹಿಂದಿನ ಅಸೆಂಬ್ಲಿ ಚುನಾವಣೆ ಹೊತ್ತಿಗೆ ಮಾವನ ಊರ ಗುಡ್ಡದ ಮೇಲೆ ವಿದ್ಯುತ್ ತಯಾರಿಸುವ ಗಾಳಿ ಫ್ಯಾನು ನಿಲ್ಲಿಸುವ ಮಾತು ಹಬ್ಬಿತ್ತು. ಗುಡ್ಡದ ಗೋಮಾಳದಲ್ಲೇ ಊರ ಕುರಿಗಳೆಲ್ಲ ಮೇಯುವುದು. ಆಗ ಅಧಿಕಾರದಲ್ಲಿದ್ದ ಹೊಸದುರ್ಗ ರಸ್ತೆ ಪಕ್ಷದವರು ಕಂಬಳಿ ಮೇಲೆ ಕೂತು, ಫ್ಯಾನು ಬಂದರೆ ಮನೆಗೊಂದು ಕೆಲಸ ಎಂದರು. ಹಿರಿಯೂರು ರಸ್ತೆ ಪಕ್ಷದ ಮುಖಂಡರು ಅದೇ ಕಂಬಳಿ ಮೇಲೆ ಕೂತು, ಎದೆ ತಟ್ಟಿ, ಗೋಮಾಳದ ಒಂದು ಗೇಣನ್ನೂ ಕೊಡುವುದಿಲ್ಲ ಎಂದರು. ಊರು ಅವರಿಗೆ ಓಟು ಹಾಕಿತು. ಅವರು ಗೆದ್ದರು. ಆರು ತಿಂಗಳಲ್ಲಿ ಗುಡ್ಡದ ಮೇಲೆ ಫ್ಯಾನು ತಿರುಗಿತು, ಅರ್ಧ ಗೋಮಾಳಕ್ಕೆ ಬೇಲಿ ಬಿತ್ತು!

ಮರುವರ್ಷದ ಜಿಲ್ಲಾ ಪಂಚಾಯ್ತಿ ಚುನಾವಣೆಗೆ, ಹೋದ ಸಲ ಸೋತಿದ್ದ ಹೊಸದುರ್ಗ ರಸ್ತೆ ಪಕ್ಷ ಬಂತು. ಈಗ ಗೋಮಾಳಕ್ಕಾಗಿ ಪ್ರಾಣ ಕೊಡಲು ಸಿದ್ಧವಾಗಿತ್ತು. ಮಾವ ಭಾಷಣ ಪೂರ್ತಿ ಕೇಳಿದರು. "ಇದು ಹೋದ್ಸಲ ಆ ಕಡೆ ಜೀಪಿನಾಗೆ ಬಂದಿದ್ದ ಭಾಷಣ ಕಣ್ರಿ. ಒಂದು ಗೇಣು ಅಂತ ಅವರಂದಿದ್ರು, ನೀವು ಒಂದು ಅಂಗುಲ ಅಂತಿದ್ದೀರಿ, ಅಷ್ಟೇ" ಅಂದರು. ಮೊದಲು ಹಳೆಯ ಮಾತು ಎತ್ತಿಕೊಂಡು ಆಮೇಲೆ ಹೊಸದನ್ನು ಇಡಿ ಎಂದು ಕೇಳಿದರು. ಯಾವ ಹಳೆಯ ಮಾತು ಎಂದು ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಾಲುರಾಮೇಶ್ವರ ದೇವಸ್ಥಾನದ ಹೊಂಡದ ಮುಂದೆ ಬೇಡಿಕೊಂಡು ಕೂತವರಿಗೆ ಒಂದು ಬಾಳೆಹಣ್ಣಾದರೂ ತೇಲಿ ಬರುತ್ತದಂತೆ. ಪಕ್ಷಗಳ ಪ್ರಣಾಳಿಕೆಯ ಮುಂದೆ ಕೂತ ಮಾವನ ಊರಿಗೆ ಅದೂ ಇಲ್ಲ.

ಮಾತು ಬದಲಾಯಿಸದ ಪಕ್ಷವೂ ಒಂದಿದೆ, ಅನ್ಯಾಯ ಹೇಳಬಾರದು. ಅದರ ಅಭ್ಯರ್ಥಿ ಜೋಳಿಗೆ ಹಾಕಿಕೊಂಡು ಬಸ್ಸಿನಲ್ಲಿ ಬರುತ್ತಾರೆ. ಐದು ಚುನಾವಣೆಯಿಂದ ಒಂದೇ ಕರಪತ್ರ, ಅದರಲ್ಲಿ ಅದೇ ಅಚ್ಚಿನ ತಪ್ಪು. ಐದು ಸಲವೂ ಠೇವಣಿ ಹೋಗಿದೆ. ಮಾವನಿಗೆ ಆತನೆಂದರೆ ಪ್ರೀತಿ, ಬಂದಾಗಲೆಲ್ಲ ಊಟ ಹಾಕಿಸುತ್ತಾರೆ. ಓಟು ಹಾಕುತ್ತೀರಾ ಅಂತ ಕೇಳಿದ್ದಕ್ಕೆ, "ಅವನ ಮಾತು ಬದಲಾಗ್ದೆ ಇರೋದು ಅವನ ಗಟ್ಟಿತನವಲ್ಲ ಕಣವ್ವ. ಯಾರೂ ಕೇಳ್ಸ್ಕಳ್ದೆ ಇರೋ ಮಾತನ್ನ ಬದಲಾಯ್ಸೋ ಜರೂರತ್ತೇ ಬಿದ್ದಿಲ್ಲ" ಅಂದರು. ಇದು ನನ್ನ ಪಠ್ಯಪುಸ್ತಕದಲ್ಲಿಲ್ಲ. ಇರಬೇಕಿತ್ತು.

ಇಷ್ಟರಲ್ಲಿ ಮಾವನ ಮೂರನೆಯ ಬದಲಾವಣೆ ನಡೆಯಿತು. ಫ್ಯಾನು ಬಂದರೆ ಕುರಿಗಳು ಗಬ್ಬ ನಿಲ್ಲುವುದಿಲ್ಲ ಎಂದು ಅವರು ಮಾತು ಇಟ್ಟಿದ್ದರು. ಆ ವರ್ಷ ಅರ್ಧ ಮಂದೆ ಜೋಡಿ ಮರಿ ಹಾಕಿತು! ಅದೂ ಸಾಲದು ಎಂದು, ಬಿಸಿಲ ಹೊತ್ತಿನಲ್ಲಿ ಕುರಿಗಳೆಲ್ಲ ಫ್ಯಾನಿನ ಕಂಬದ ನೆರಳಿನಲ್ಲಿ ಒಂದರ ಹಿಂದೊಂದು ಸಾಲಾಗಿ ಮಲಗಿ, ನೆರಳು ಸರಿದಂತೆ ತಾವೂ ಎದ್ದು ಸರಿಯತೊಡಗಿದವು. ಮಾವ ವಾರವಿಡೀ ಇದನ್ನು ನೋಡಿದರು. ಎಂಟನೆಯ ದಿನ ಕಂಬಳಿ ಹಾಸಿ, "ಗಬ್ಬದ ಮಾತಿನಾಗೆ ನಾನು ತಪ್ಪಿದ್ದೆ. ನೆರಳಿನ ಲೆಕ್ಕ ನಂಗೆ ಗೊತ್ತಿರ್ಲಿಲ್ಲ. ಬೇಲಿ ಹಾಕಿದ್ದು ಮಾತ್ರ ಅನ್ಯಾಯ, ಆ ಮಾತು ಹಂಗೇ ಐತೆ" ಅಂದರು. ಯಾವ ಪಕ್ಷಕ್ಕೆ ಹೀಗೆ ಅರ್ಧ ಎತ್ತಿಕೊಂಡು ಅರ್ಧ ಬಿಡಲು ಬರುತ್ತದೆ ಹೇಳಿ? ಅವರದು ಎತ್ತಿದರೆ ಪೂರ್ತಿ ಗಾಡಿ, ಇಲ್ಲವೆಂದರೆ ಒಂದು ಕಡ್ಡಿಯೂ ಇಲ್ಲ.

ಅವತ್ತೇ ಮಾವನಿಗೆ ಛಲ ಹುಟ್ಟಿತು. ಎರಡಕ್ಷರ ಕಲಿಯದ ತಾನು ಎತ್ತಿಕೊಂಡಿರುವಾಗ ಗೆದ್ದ ಮುಖಂಡರಿಗೇನು ದಾಡಿ? ಅವರು ಹಿರಿಯೂರಿನ ಐಬಿಗೆ ಬರುತ್ತಾರೆಂದು ತಿಳಿದು, ಕಂಬಳಿಯನ್ನು ಗೂಟದಿಂದ ಇಳಿಸಿ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದರು. ಐಬಿಯ ಮುಂದೆ ಜನವೋ ಜನ. ಮಾವ ಸಂದಿಯಲ್ಲಿ ತೂರಿ ಮುಖಂಡರ ಎದುರು ನಿಂತು, ಹಾಸುವುದಕ್ಕೆಂದು ಕಂಬಳಿ ಬಿಡಿಸಿದರು.

ಅಲ್ಲೇ ಆದದ್ದು ಎಡವಟ್ಟು. ನಮ್ಮ ಸೀಮೆಯಲ್ಲಿ ದೊಡ್ಡವರಿಗೆ ಕಂಬಳಿ ಹೊದಿಸಿ ಸನ್ಮಾನ ಮಾಡುವ ಪದ್ಧತಿ ಉಂಟಲ್ಲ? ಬಿಡಿಸಿದ ಕಂಬಳಿ ಕಂಡಿದ್ದೇ ತಡ, ಮುಖಂಡರು ಅಭ್ಯಾಸಬಲದಿಂದ ಕುತ್ತಿಗೆ ಬಗ್ಗಿಸಿದರು! ಅಕ್ಕಪಕ್ಕದವರು ಕಂಬಳಿ ಎಳೆದು ಅವರ ಹೆಗಲಿಗೆ ಹೊದಿಸಿದರು, ಯಾರೋ ಮಾವನ ಎರಡೂ ಕೈ ಹಿಡಿದು ಜೋಡಿಸಿದರು, ಫೋಟೋ ಆಯಿತು. ಮಾವ ಬಾಯಿ ತೆರೆಯುವಷ್ಟರಲ್ಲಿ ಮುಖಂಡರು ಕಂಬಳಿ ಸಮೇತ ಕಾರು ಹತ್ತಿ ಹೋಗಿಯಾಗಿತ್ತು.

ನಾನು ಹೊಳಲ್ಕೆರೆಯ ಸ್ಟಾಫ್ ರೂಮಿನಲ್ಲಿ ಡಬ್ಬಿ ಬಿಚ್ಚುತ್ತಿದ್ದಾಗ ವಾಟ್ಸಾಪಿಗೆ ಆ ಫೋಟೋ ಬಂತು. ಮಾವನ ಪೂರ್ತಿ ಮುಖ ಫೋನಿನಲ್ಲಿ ಕಂಡದ್ದು ಅದೇ ಮೊದಲು. ಕೆಳಗೆ ಬರೆದಿತ್ತು: ‘ಗಾಳಿ ಫ್ಯಾನಿಗೆ ಕುರಿಗಾಹಿಗಳ ಸಂಪೂರ್ಣ ಬೆಂಬಲ. ಹಿರಿಯರಿಂದ ನೆಚ್ಚಿನ ನಾಯಕರಿಗೆ ಕಂಬಳಿ ಗೌರವ.’ ತಕರಾರು ಹೇಳಲು ಹೋದವನೇ ಬೆಂಬಲಿಗನಾಗಿ ಅಚ್ಚಾಗಿದ್ದ. ನಮ್ಮ ಪಕ್ಷಗಳಿಗೆ ನಿಲುವು ಬದಲಾಯಿಸುವುದು ಯಾಕೆ ಅಷ್ಟು ಸುಲಭ ಅಂತ ಆಗ ನನಗೆ ಅರ್ಥವಾಯಿತು. ಅವರ ಕೈಗೆ ಏನು ಕೊಟ್ಟರೂ ಅದು ಹಾರವೇ.

ಸಂಜೆ ಮಾವನ ಕರೆ ಬಂತು. ಪರದೆಯ ಮೇಲೆ ಆಕಾಶವೂ ಇರಲಿಲ್ಲ, ಪೂರ್ತಿ ಕತ್ತಲು. ಫೋನನ್ನು ಎದೆಗೆ ಒತ್ತಿಕೊಂಡಿದ್ದರು.

"ಮಾತೆಲ್ಲ ಹೊತ್ಕಂಡು ಹೋದ ಕಣವ್ವ" ಅಂದರು.

ಹೋದರೆ ಹೋಗಲಿ ಮಾವ, ಅವರ ಮಾತು ಅವರೇ ಹೊತ್ತುಕೊಂಡು ಹೋದರು ಎಂದು ನಾನು ನಗೆಯಾಡಿದೆ. ಮಾವ ನಗಲಿಲ್ಲ.

"ನಿಮ್ಮವ್ವನ ಮಾತೂ ಅದರಾಗೇ ಐತೆ."

ಆಗ ನನ್ನ ನಗೆ ನಿಂತಿತು. ಅದೇ ಕಂಬಳಿ ಇಲ್ಲದೆ ಆ ಮಾತು ಎತ್ತುವಂತಿಲ್ಲ. ಹಾಗಾದರೆ ಇಷ್ಟು ವರ್ಷವೂ ಒಂದಲ್ಲ ಒಂದು ದಿನ ಎತ್ತಬೇಕು ಎಂದು ಇವರು ಮನಸ್ಸಿನಲ್ಲಿ ಇಟ್ಟುಕೊಂಡೇ ಇದ್ದರು! ಇದನ್ನು ಅಮ್ಮನಿಗೆ ಹೇಳಲು ನನಗೆ ಧೈರ್ಯ ಬರಲಿಲ್ಲ. ಆಸೆ ಹುಟ್ಟಿಸಿ ಕಂಬಳಿ ಸಿಗದೇ ಹೋದರೆ ಏನು ಗತಿ?

ಆಮೇಲಿನ ಎರಡು ವಾರ ಮಾವ ಆ ಮುಖಂಡರ ಕಾರಿನ ಹಿಂದೆ ತಿರುಗಿದಷ್ಟು ಅವರ ಪಕ್ಷದವರೂ ತಿರುಗಿರಲಿಕ್ಕಿಲ್ಲ. ಹೊಸದುರ್ಗದ ಸಭೆಗೆ ಹೋದರೆ ಅವರ ಹೆಗಲ ಮೇಲೆ ಬೇರೆ ಕಂಬಳಿ ಇತ್ತು. ಧರ್ಮಪುರದಲ್ಲಿ ಇನ್ನೊಂದು. ಬಂದ ಸನ್ಮಾನವೆಲ್ಲ ಮುಖಂಡರ ದುರ್ಗದ ಮನೆಗೆ ಹೋಗುತ್ತದೆ ಎಂದು ಡ್ರೈವರ್ ಹೇಳಿದ ಮೇಲೆ, ಒಂದು ಭಾನುವಾರ ನಾನೂ ಮಾವನೂ ಅಲ್ಲಿಗೆ ಹೋದೆವು. ಅವರ ಪಿಎ ಒಂದು ಕೋಣೆಯ ಬಾಗಿಲು ತೆಗೆದು, "ಹುಡುಕ್ಕಳ್ರಿ" ಎಂದು ಹೊರಟುಹೋದ.

ಆ ಕೋಣೆ ನೋಡಬೇಕಿತ್ತು ನೀವು! ಮೈಸೂರು ಪೇಟಗಳ ಗೋಪುರ, ಶಾಲುಗಳ ಬೆಟ್ಟ, ಮೂಲೆಯಲ್ಲಿ ಒಂದು ಡಜನ್ ಬೆಳ್ಳಿ ಬಣ್ಣದ ಗದೆ. ಗೋಡೆಯುದ್ದಕ್ಕೂ ಕಂಬಳಿಗಳು. ಮಾವ ಒಂದೊಂದನ್ನೇ ಮೂಸಿ ಪಕ್ಕಕ್ಕಿಟ್ಟರು. ಇದು ಮಿಶಿನ್ನಿನದು, ಇದು ಅಂಗಡೀದು, ಇದರಲ್ಲಿ ಉಣ್ಣೆಯೇ ಇಲ್ಲ ಎಂದು ಗೊಣಗಿದರು. ಕೊನೆಗೆ ಅಡಿಯಿಂದ ಒಂದನ್ನು ಎಳೆದು, ಮೂಲೆಯನ್ನು ಕಣ್ಣಿನ ಹತ್ತಿರ ಹಿಡಿದರು. ಕೆಂಪು ದಾರ. ಕಂಬಳಿ ಹಾಸಿ ಅಲ್ಲೇ ಪೇಟಗಳ ನಡುವೆ ಕೂತುಬಿಟ್ಟರು.

ಅಷ್ಟರಲ್ಲಿ ಮುಖಂಡರೇ ಬಂದರು. ಮನೆಯಲ್ಲಿ ಲುಂಗಿ, ಬನಿಯನ್ನಿನಲ್ಲಿದ್ದ ಅವರು ನಮ್ಮ ಬೀದಿಯ ಯಾವ ಗೃಹಸ್ಥನಿಗಿಂತಲೂ ಬೇರೆಯಾಗಿ ಕಾಣಲಿಲ್ಲ. ಮಾವ ಎದ್ದು ನಿಂತು ಕೈಮುಗಿದು, ಗೋಮಾಳದ ಮಾತನ್ನು ನೆನಪಿಸಿ, ಎರಡರಲ್ಲಿ ಒಂದು ಕಾರಣ ಹೇಳಿ ಎತ್ತಿಕೊಳ್ಳಬೇಕೆಂದು ಕೇಳಿದರು. ನಮ್ಮ ಪಕ್ಷದ ನಿಲುವು ಅವತ್ತೂ ಇದೇ ಇವತ್ತೂ ಇದೇ ಎಂದು ಮುಖಂಡರು ಶುರು ಮಾಡಿದರು. ಮಾವ ಕಂಬಳಿ ತೋರಿಸಿ, "ಇದರ ಮ್ಯಾಲೆ ಕುಂತು ಹೇಳ್ರಿ ಸ್ವಾಮಿ" ಅಂದರು. ಮುಖಂಡರು ಕಂಬಳಿಯನ್ನೇ ನೋಡಿದರು. ಕೂರಲಿಲ್ಲ.

"ತಪ್ಪಾತು ಅನ್ನೋದು ಕಷ್ಟ ಅಲ್ಲ ಯಜಮಾನ್ರೆ" ಅಂದರು, ದನಿ ಇಳಿಸಿ. "ಅಂದ ಮ್ಯಾಲೆ ನಮ್ಮೋರು ಕೇಳ್ತಾರೆ, ಹಂಗಾದ್ರೆ ನಾವು ಇಷ್ಟು ದಿನ ನಿನ್ನ ಮಾತು ನಂಬಿ ಎದುರು ಪಕ್ಷದೋರತ್ರ ಜಗಳಾಡಿದ್ದು ಯಾಕೆ ಅಂತ. ಅದಕ್ಕೆ ನನ್ನತ್ರ ಉತ್ತರ ಇಲ್ಲ."

ನಾನು ಮಾವನಿಂದ ಏನಾದರೂ ಖಡಕ್ ಮಾತು ಬರುತ್ತದೆಂದು ಕಾದೆ. ಮಾವ ಇನ್ನೊಮ್ಮೆ ಕೈಮುಗಿದರು. ಕಂಬಳಿ ಮಡಿಸಿ ಹೆಗಲಿಗೆ ಹಾಕಿಕೊಂಡು ಹೊರಗೆ ಬಂದರು. ಆಟೋದಲ್ಲಿ ಅರ್ಧ ದಾರಿ ಹೋದ ಮೇಲೆ, ಅವ ಹೇಳಿದ್ದು ಸುಳ್ಳಲ್ಲ ಅಂದರು. ನಿಂತುಕೊಂಡೇ ಹೇಳಿದರಲ್ಲ ಮಾವ, ಕಂಬಳಿ ಮೇಲೆ ಕೂರಲಿಲ್ಲವಲ್ಲ ಅಂದೆ.

"ನಾನೂ ಮೂವತ್ನಾಕು ವರ್ಷದಿಂದ ನಿಂತೇ ಇದ್ದೀನಲ್ಲವ್ವ" ಅಂದರು.

ನಮ್ಮ ಗೇಟಿನ ಮುಂದೆ ಆಟೋ ನಿಂತಿತು. ಮಾವ ಕೆಮ್ಮಲಿಲ್ಲ. ಆದರೂ ಪಕ್ಕದ ಮನೆ ಆಂಟಿ ಕಿಟಕಿಯಲ್ಲಿ ಕಂಡು, ಅಭ್ಯಾಸದಂತೆ ಬಾಗಿಲು ತೆರೆದು ನಿಂತರು. ಮಾವ ಅತ್ತ ತಿರುಗಲಿಲ್ಲ. ಗೇಟು ತೆಗೆದು ಒಳಗೆ ಬಂದು, ನಮ್ಮ ಹೊಸಿಲಿನ ಹೊರಗೆ, ರಂಗೋಲಿಯ ಪಕ್ಕದಲ್ಲಿ ಕಂಬಳಿ ಹಾಸಿ ಕೂತರು. ಅಮ್ಮ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು. ಅವಳ ಹಿಂದೆ ಅಪ್ಪ.

"ಕಾಲವೇನೂ ಬದಲಾಗಿಲ್ಲ" ಅಂದರು ಮಾವ. ತಲೆ ಎತ್ತಲಿಲ್ಲ. "ನೀನೂ ಬದಲಾಗಿಲ್ಲ. ಭಾವ ಮೊದಲ ದಿನದಿಂದ ಹಿಂಗೇ ಒಳ್ಳೇನು. ನಾನು ತಪ್ಪಿದ್ದೆ."

ಅಮ್ಮ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಕೆಳಗೆ ಕೂತು, ಕಂಬಳಿಯ ಮೂಲೆ ಎತ್ತಿ ಕೆಂಪು ದಾರವನ್ನು ಬೆರಳಿನಲ್ಲಿ ಸವರಿದಳು. ದಾರ ಹಳೆಯದಾಗಿ ಎರಡು ಕಡೆ ಬಿಟ್ಟುಕೊಂಡಿತ್ತು.

"ಹೊಲಿಗೆ ಬಿಚ್ಕಂಡೈತೆ. ಒಳಗ್ ಬಾರಣ್ಣ, ಹಾಕ್ಕೊಡ್ತೀನಿ" ಅಂದಳು.

ಮಾವ ಎದ್ದು ಬಲಗಾಲನ್ನು ಮುಂದಿಟ್ಟರು. ಹೊಸಿಲಿನ ಮೇಲೆ ಒಂದು ಕ್ಷಣ ಕಾಲು ತಡೆಯಿತು, ಅಪ್ಪ ತೋಳು ಹಿಡಿದುಕೊಂಡರು. ಸಾಕ್ಷಿಗಳಿಗೆ ಊಟ ಹಾಕುವ ಪದ್ಧತಿಯಲ್ಲವೇ? ಸಾಕ್ಷಿ ಅಂತ ಇದ್ದದ್ದು ನಾನು, ಆಂಟಿ ಇಬ್ಬರೇ. ಅಮ್ಮ ಎಲ್ಲರಿಗೂ ಮುದ್ದೆ, ಬಸ್ಸಾರು ಬಡಿಸಿದಳು. ಮಾವ ಮೊದಲ ತುತ್ತು ನುಂಗಿದರು. ಸಾರು ಹೇಗಿದೆ ಎಂದು ಅಮ್ಮ ಕೇಳಿದಳು.

"ಪಕ್ಕದ ಮನೇದ್ರಂಗೇ ಐತೆ" ಅಂದ ಮಾವ, ಹೆಗಲ ಮೇಲಿನ ವಲ್ಲಿಬಟ್ಟೆಯಿಂದ ಕಣ್ಣೊರೆಸಿಕೊಂಡು, ತಟ್ಟೆಯನ್ನು ಇನ್ನೊಂದು ಸೌಟಿಗೆ ಮುಂದೆ ನೂಕಿದರು.